ಕಲ್ಲಿಗೆ ಹೆಸರಿಟ್ಟವರು ಯಾರು?

ಮಳೆ ಬಂದು ಹೋದ ಮರುದಿನ ಹೊಲದ ಬದುವಿನಲ್ಲೋ ಹಳ್ಳದ ಮರಳಿನಲ್ಲೋ ಮಿಣಮಿಣ ಹೊಳೆಯುವ ಚೂರುಗಳಿಗೆ ಕನ್ನಡದಲ್ಲಿ ಕಾಗೆಬಂಗಾರ ಎಂದು ಹೆಸರು. ಉಗುರು ತೂರಿಸಿದರೆ ಪದರ ಪದರವಾಗಿ ಏಳುತ್ತದೆ. ಒಂದು ಪದರವನ್ನು ಬಿಸಿಲಿಗೆ ಹಿಡಿದರೆ ಹಿಂದಿನ ಬೆರಳು ಮಸುಕಾಗಿ ಕಾಣುತ್ತದೆ. ಹೊಳಪೇನೋ ಚಿನ್ನದ್ದೇ, ಬೆಲೆ ಮಾತ್ರ ಕಾಗೆಗೆ ಸಲ್ಲುವಷ್ಟು ಎಂಬ ತಾತ್ಸಾರ ಆ ಹೆಸರಿನಲ್ಲಿದೆ. ತೆಲುಗಿನಲ್ಲಿ ಅದು ಕಾಕಿಬಂಗಾರಮು, ತಮಿಳಿನಲ್ಲಿ ಕಾಕ್ಕಾಪೊನ್. ಜರ್ಮನರ ತಾತ್ಸಾರಕ್ಕೆ ಒದಗಿದ್ದು ಬೆಕ್ಕು: ಬಣ್ಣದ ಅಭ್ರಕ ಅವರಿಗೆ ಬೆಕ್ಕಿನ ಚಿನ್ನ, ಬಿಳಿಯದು ಬೆಕ್ಕಿನ ಬೆಳ್ಳಿ. ಸಂಸ್ಕೃತದವರು ಅದನ್ನು ಹಂಗಿಸಲಿಲ್ಲ. ಅಭ್ರ ಎಂದರೆ ಮೋಡ, ಮೋಡದಂಥದು ಅಭ್ರಕ. ಚೀನೀಯರಿಗೂ ಮೋಡವೇ ನೆನಪಾಯಿತು. ಅವರು ಯುನ್‌ಮು ಎಂದರು, ಅಂದರೆ ಮೋಡದ ತಾಯಿ. ಇಂಗ್ಲಿಷಿನ ಮೈಕಾ ಲ್ಯಾಟಿನ್ನಿನಿಂದ ಬಂದದ್ದು, ಅಲ್ಲಿ ಅದರ ಅರ್ಥ ಪುಡಿ, ಕಣ ಎಂದಷ್ಟೇ. ಹೊಳೆಯುವುದು ಎಂಬ ಅರ್ಥದ ಇನ್ನೊಂದು ಲ್ಯಾಟಿನ್ ಕ್ರಿಯಾಪದದ ನೆರಳು ಆಮೇಲೆ ಅದರ ಮೇಲೆ ಬಿತ್ತು. ವಿಜ್ಞಾನದ ಪುಸ್ತಕ ತೆರೆದರೆ ಅದೇ ಬಿಳಿ ಅಭ್ರಕ ಮಸ್ಕೊವೈಟ್ ಆಗಿದೆ. ರಷ್ಯದಲ್ಲಿ ಕಿಟಕಿಗಳಿಗೆ ಗಾಜಿನ ಬದಲು ಅದರ ಹಾಳೆಗಳನ್ನು ಕೂರಿಸುತ್ತಿದ್ದರು. ಯೂರೋಪಿನ ಪೇಟೆಯಲ್ಲಿ ಅದು ಮಸ್ಕೊವಿಯ ಗಾಜು, ಮಾಸ್ಕೋ ಸೀಮೆಯ ಗಾಜು.

ಕಲ್ಲು ಒಂದೇ, ಅದರ ಮುಂದೆ ನಿಂತವರು ಬೇರೆ ಬೇರೆ. ಕಾಗೆ ಎಂದವನು ಹೊಳಪಿಗೆ ಮೋಸಹೋದ ರೈತ, ಮೋಡ ಎಂದವನು ವೈದ್ಯನೋ ಕವಿಯೋ, ಮಾಸ್ಕೋ ಎಂದವನು ವ್ಯಾಪಾರಿ. ಖನಿಜಗಳ ಹೆಸರನ್ನು ಭಾಷೆಯಿಂದ ಭಾಷೆಗೆ ಹೋಲಿಸುತ್ತ ಹೋದರೆ ಕಲ್ಲಿನ ಗುಣಕ್ಕಿಂತ ಹೆಚ್ಚಾಗಿ ತಿಳಿದುಬರುವುದು ಅದನ್ನು ಕೈಯಲ್ಲಿ ಹಿಡಿದವನ ಕಸುಬು ಎಂಬುದು ನನ್ನ ಅಭಿಪ್ರಾಯ. ಅವನ ತಪ್ಪುಗಳೂ ಅಲ್ಲೇ ಸಿಗುತ್ತವೆ, ಮತ್ತು ತಪ್ಪಾಗಿ ಇಟ್ಟ ಹೆಸರುಗಳಿಗೆ ಆಯಸ್ಸು ಹೆಚ್ಚು.

ಮೊದಲು ಸಾಮಾನ್ಯ ಪದಗಳನ್ನು ನೋಡಿಬಿಡೋಣ. ಖನಿ ಎಂದರೆ ಅಗೆದ ಜಾಗ, ಅಲ್ಲಿ ಹುಟ್ಟಿದ್ದು ಖನಿಜ. ಅದೇ ಖನಿ ಜನರ ಬಾಯಲ್ಲಿ ಗಣಿ ಆಯಿತು. ಮಿನರಲ್ ಎಂಬ ಪದವೂ ಗಣಿಗೆ ಸಂಬಂಧಿಸಿದ್ದೇ. ನಮ್ಮ ಅದಿರು ಇವೆರಡಕ್ಕಿಂತ ಖಚಿತ: ಗಣಿಯಿಂದ ತೆಗೆದು ಇನ್ನೂ ಕುಲುಮೆಯಲ್ಲಿ ಕರಗಿಸದೆ ಇರುವುದು. ಇದು ಕುಲುಮೆಯ ಪಕ್ಕದಲ್ಲಿ ಹುಟ್ಟಿದ ಪದ.

ಬಣ್ಣದಿಂದ ಬಂದ ಹೆಸರುಗಳು ಎಲ್ಲೆಡೆಯೂ ಹಳೆಯವು. ದ್ರಾವಿಡ ಭಾಷೆಗಳಲ್ಲಿ ಪೊನ್ ಎಂಬುದು ಚಿನ್ನವೂ ಹೌದು, ಲೋಹವೂ ಹೌದು. ಕರಿಯ ಪೊನ್ನು ಕರ್ಬೊನ್ ಆಗಿ, ಸವೆದು ಕಬ್ಬಿಣವಾಯಿತು. ಕೆಂಪು ಲೋಹದ ಚೆಂಬು ಈಗ ನೀರು ಕುಡಿಯುವ ಪಾತ್ರೆಯ ಹೆಸರಾಗಿ ಉಳಿದಿದೆ; ಸ್ಟೀಲಿನದನ್ನೂ ಪ್ಲಾಸ್ಟಿಕ್ಕಿನದನ್ನೂ ಚೆಂಬು ಎಂದೇ ಕರೆಯುತ್ತೇವೆ. ಬೆಳ್ಳಿ ಬಿಳಿಯದು. ವೈದಿಕ ಸಂಸ್ಕೃತದಲ್ಲೂ ಇದೇ ಲೆಕ್ಕ: ಅಯಸ್ ಎಂಬ ಒಂದೇ ಲೋಹಪದಕ್ಕೆ ಕಪ್ಪು, ಕೆಂಪು ಎಂಬ ವಿಶೇಷಣ ಹಚ್ಚಿ ಕಬ್ಬಿಣ, ತಾಮ್ರಗಳನ್ನು ಬೇರೆ ಮಾಡಿದರು.

ಆದರೆ ಬಣ್ಣ ಎಂದರೆ ಯಾವ ಬಣ್ಣ? ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ಹೆಸರು ಗ್ರೀಕಿನ ಹೈಮ, ಅಂದರೆ ರಕ್ತದಿಂದ ಬಂದದ್ದು. ಸಂಡೂರಿನ ಬೆಟ್ಟದಿಂದ ತಂದ ಒಳ್ಳೆಯ ಅದಿರಿನ ಗಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿ: ಉಕ್ಕಿನ ಬೂದುಬಣ್ಣ, ಕೆಲವು ಕಡೆ ಕಪ್ಪು. ರಕ್ತ ಎಲ್ಲಿದೆ? ಮೆರುಗಿಲ್ಲದ ಬಿಳಿ ಪಿಂಗಾಣಿಯ ಮೇಲೆ ಒಮ್ಮೆ ಒತ್ತಿ ಎಳೆದರೆ ಕೆಂಪು ಗೆರೆ ಮೂಡುತ್ತದೆ. ಹೆಸರು ಬಂದದ್ದು ಆ ಗೆರೆಯಿಂದ, ಪುಡಿಯಿಂದ. ಅದೇ ಪುಡಿ ಮಣ್ಣಿನೊಂದಿಗೆ ಬೆರೆತಿದ್ದರೆ ನಮಗೆ ಜಾಜು, ಕೆಮ್ಮಣ್ಣು. ಭದ್ರಾವತಿಯ ಕಾರ್ಖಾನೆಗೆ ಅದಿರು ಕೊಟ್ಟ ಬೆಟ್ಟಕ್ಕೆ ಜನ ಕೆಮ್ಮಣ್ಣುಗುಂಡಿ ಎಂದು ಹೆಸರಿಟ್ಟಿದ್ದಾರೆ. ಖನಿಜಶಾಸ್ತ್ರಜ್ಞ ಬರುವ ಮೊದಲೇ ವರದಿ ಸಿದ್ಧವಾಗಿತ್ತು. ಕಲ್ಲನ್ನು ಉಜ್ಜಿ ಗೆರೆ ನೋಡಿ ಗುರುತಿಸುವ ಈ ಪರೀಕ್ಷೆ ಈಗಲೂ ಭೂವಿಜ್ಞಾನದ ಮೊದಲ ವರ್ಷದ ಪಾಠ. ಅಕ್ಕಸಾಲಿಗನ ಒರೆಗಲ್ಲು ಮಾಡುವುದೂ ಅದನ್ನೇ.

ಇನ್ನು ಕಲ್ಲು ಮಾಡುವ ಕೆಲಸದಿಂದ, ಅದರ ನಡತೆಯಿಂದ ಹುಟ್ಟಿದ ಹೆಸರುಗಳು. ಇದರಲ್ಲಿ ಸೂಜಿಗಲ್ಲಿನಷ್ಟು ರಸವತ್ತಾದದ್ದು ಇನ್ನೊಂದಿಲ್ಲ. ಕಬ್ಬಿಣವನ್ನು ಎಳೆಯುವ ಈ ಕಲ್ಲನ್ನು ಕಂಡ ಹಲವರಿಗೆ ಪ್ರೀತಿಯೇ ಹೊಳೆದಿದೆ. ಸಂಸ್ಕೃತದಲ್ಲಿ ಅದು ಅಯಸ್ಕಾಂತ, ಕಬ್ಬಿಣದ ಇನಿಯ. ಹಿಂದಿಯ ಚುಂಬಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮುತ್ತಿಡುತ್ತದೆ. ಚೀನೀಯರಲ್ಲಿ ಪ್ರೀತಿಯ ಬಗೆ ಬೇರೆ. ಅವರ ತ್ಸಿಶಿ ಎಂಬ ಹೆಸರನ್ನು ಮೊದಲು ಬರೆಯುತ್ತಿದ್ದುದು ವಾತ್ಸಲ್ಯ ಎಂಬ ಅರ್ಥದ ಅಕ್ಷರದಿಂದ. ಕ್ರಿಸ್ತಪೂರ್ವ 3ನೆಯ ಶತಮಾನದ ಲ್ಯೂಶಿ ಚುನ್‌ಚ್ಯೂ ಎಂಬ ಗ್ರಂಥದಲ್ಲಿ ಈ ಕಲ್ಲು ಕಬ್ಬಿಣವನ್ನು ಕರೆಯುತ್ತದೆ ಎಂಬ ಮಾತಿದೆ. ಕಲ್ಲು ಕಬ್ಬಿಣದ ತಾಯಿ, ಅದಕ್ಕೇ ಮಗು ಅದರ ಕಡೆ ಹೋಗುತ್ತದೆ ಎಂದು ವ್ಯಾಖ್ಯಾನಕಾರ ವಿವರಿಸಿದ. ಫ್ರೆಂಚಿನ ಎಮಾಂ ಕೇಳಿದರೆ ಅಲ್ಲೂ ಪ್ರೀತಿಸುವುದು ಎಂಬ ಅರ್ಥವೇ ಕೇಳಿಸುತ್ತದೆ. ಅಲ್ಲಿ ಮಾತ್ರ ಎಚ್ಚರ ಬೇಕು. ಆ ಪದ ಬಂದದ್ದು ಗ್ರೀಕಿನ ಅಡಮಸ್ ಎಂಬುದರಿಂದ, ಅದರ ಅರ್ಥ ಅಜೇಯ. ಇಂಗ್ಲಿಷಿನ ಡೈಮಂಡ್ ಕೂಡ ಅದರದೇ ಸಂತಾನ. ಅಜೇಯನು ಪ್ರೇಮಿಯ ಧ್ವನಿ ಪಡೆದದ್ದು ಬರೀ ಉಚ್ಚಾರಣೆಯ ಸವಕಳಿಯಿಂದ.

ನಮ್ಮ ರಸಶಾಸ್ತ್ರದವರು ಕವಿಗಳಂತೆ ಒಂದೇ ಉಪಮೆಗೆ ನಿಲ್ಲಲಿಲ್ಲ. ರಸರತ್ನಸಮುಚ್ಚಯದಲ್ಲಿ ಕಾಂತಲೋಹಕ್ಕೆ ಐದು ಬಗೆ: ಭ್ರಾಮಕ, ಚುಂಬಕ, ಕರ್ಷಕ, ದ್ರಾವಕ, ರೋಮಕಾಂತ. ಕಬ್ಬಿಣವನ್ನು ತಿರುಗಿಸುವುದು, ಅಂಟಿಕೊಳ್ಳುವುದು, ಎಳೆಯುವುದು, ಕರಗಿಸುವುದು, ಕೂದಲೆಬ್ಬಿಸುವುದು. ಇದು ಔಷಧ ತಯಾರಿಸುವವರ ವಿಂಗಡಣೆ, ಬಲವನ್ನು ಅಳೆದ ವಿಂಗಡಣೆ. ಇಂಗ್ಲಿಷಿನ ನಾವಿಕರಿಗೆ ಪ್ರೀತಿಯೂ ಬೇಕಿರಲಿಲ್ಲ, ಔಷಧವೂ ಬೇಕಿರಲಿಲ್ಲ. ಅವರ ಲೋಡ್‌ಸ್ಟೋನ್ ಎಂದರೆ ದಾರಿಯ ಕಲ್ಲು. ಮ್ಯಾಗ್ನೆಟ್ ಎಂಬುದಂತೂ ಗ್ರೀಸಿನ ಮ್ಯಾಗ್ನೀಶಿಯಾ ಎಂಬ ಸೀಮೆಯ ಹೆಸರು, ಮ್ಯಾಂಗನೀಸು ಮೆಗ್ನೀಶಿಯಮ್ಮುಗಳು ಅದರ ಬಂಧುಗಳು. 2005ರ ಕೊನೆಯವರೆಗೆ ಕುದುರೆಮುಖದಲ್ಲಿ ಅಗೆದ ಮ್ಯಾಗ್ನೆಟೈಟಿನ ಹೆಸರಿನಲ್ಲೂ ಆ ಸೀಮೆಯೇ ಕೂತಿದೆ. ಕನ್ನಡದ ಸೂಜಿಗಲ್ಲು ಇವರ ನಡುವೆ ಸಾದಾ ಮನುಷ್ಯ: ಕಲ್ಲು ಸೂಜಿಯನ್ನು ಹಿಡಿಯಿತು, ಹೆಸರಾಯಿತು.

ಬಳಪದ ಕಲ್ಲನ್ನೂ ಹೀಗೆಯೇ ನೋಡಬಹುದು. ಉಗುರಿನಲ್ಲಿ ಗೀರಬಹುದಾದ, ಮುಟ್ಟಿದರೆ ಜಾರುವ ಈ ಮೆದುಕಲ್ಲು ಇಂಗ್ಲಿಷರಿಗೆ ಸಾಬೂನುಕಲ್ಲು, ಜರ್ಮನರಿಗೆ ಹಂದಿಕೊಬ್ಬಿನ ಕಲ್ಲು. ವಿಜ್ಞಾನದ ಸ್ಟಿಯಟೈಟ್ ಕೂಡ ಗ್ರೀಕಿನ ಕೊಬ್ಬಿನಿಂದಲೇ ಬಂದದ್ದು. ಚೀನೀಯರ ಹ್ವಾಶಿ ಎಂದರೆ ಜಾರುವ ಕಲ್ಲು. ಇವರೆಲ್ಲರ ಹೆಸರುಗಳೂ ಸ್ಪರ್ಶದಿಂದ ಹುಟ್ಟಿವೆ. ನಾವು ಮಾತ್ರ ಅದು ಕರಿಹಲಗೆಯ ಮೇಲೆ ಎಳೆಯುವ ಬಿಳಿಗೆರೆಯನ್ನು ನೋಡಿ ಬಳಪ ಎಂದೆವು. ಹೊಯ್ಸಳರ ಶಿಲ್ಪಿಗಳು ಬೇಲೂರು, ಹಳೇಬೀಡುಗಳಲ್ಲಿ ಉಳಿಯಾಡಿಸಿದ ಕಲ್ಲು ಇದರ ಹತ್ತಿರದ ನೆಂಟ. ಮಲೆನಾಡಿನ ಮನೆಗಳಲ್ಲಿ ಉಪ್ಪಿನಕಾಯಿ ಇಡುತ್ತಿದ್ದ ಕಲ್ಮರಿಗೆಯೂ ಈ ಜಾತಿಯದೇ. ಬರವಣಿಗೆಯಿಂದ ಹೆಸರು ಪಡೆದ ಇನ್ನೊಂದು ಖನಿಜ ಗ್ರಾಫೈಟ್, ಅದರ ಕಥೆ ಇಷ್ಟು ನೇರವಾದದ್ದಲ್ಲ.

16ನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಾರೋಡೇಲ್ ಎಂಬಲ್ಲಿ ಕಪ್ಪಾಗಿ ಮೆತ್ತಗಿರುವ, ಕಾಗದದ ಮೇಲೆ ಗೀಚಬಹುದಾದ ಖನಿಜ ಸಿಕ್ಕಿತು. ಸೀಸದ ಹಾಗೆ ಕಂಡದ್ದರಿಂದ ಕಪ್ಪು ಸೀಸ ಎಂದರು. 1779ರಲ್ಲಿ ಸ್ವೀಡನ್ನಿನ ಶೀಲೆ ಅದರಲ್ಲಿ ಸೀಸದ ಅಂಶವೇ ಇಲ್ಲ, ಅದು ಇಂಗಾಲ ಎಂದು ತೋರಿಸಿದ. ಹತ್ತು ವರ್ಷದ ನಂತರ ಜರ್ಮನಿಯ ವೆರ್ನರ್ ಬರೆ ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಗ್ರಾಫೈಟ್ ಎಂಬ ಹೆಸರು ಕೊಟ್ಟ. ಖನಿಜದ ಹೆಸರು ಸರಿಹೋಯಿತು, ಪೆನ್ಸಿಲಿನದು ಹೋಗಲಿಲ್ಲ. ಜರ್ಮನ್ ಭಾಷೆಯಲ್ಲಿ ಪೆನ್ಸಿಲು ಇಂದಿಗೂ ಸೀಸದ ಕಡ್ಡಿ, ಅರಬ್ಬಿಯಲ್ಲಿ ಸೀಸದ ಲೇಖನಿ. ನಮ್ಮ ಹಿಂದಿನ ತಲೆಮಾರಿನವರು ಅಂಗಡಿಗೆ ಹೋಗಿ ಕೇಳುತ್ತಿದ್ದುದೂ ಸೀಸದಕಡ್ಡಿಯನ್ನೇ. ಇಂಗ್ಲೆಂಡಿನ ಒಂದು ಕಣಿವೆಯ ತಪ್ಪು ಗುರುತು ಕನ್ನಡ ಶಾಲೆಯ ಚೀಲದವರೆಗೆ ಬಂದಿತ್ತು.

ಇಂಥ ಹಳೆಯ ತಪ್ಪುಗಳಲ್ಲಿ ದೊಡ್ಡದು ಕ್ರಿಸ್ಟಲ್. ಗ್ರೀಕಿನ ಕ್ರುಸ್ತಲ್ಲೋಸ್ ಎಂದರೆ ಮಂಜುಗಡ್ಡೆ. ಅತಿಯಾದ ಚಳಿಗೆ ಶಾಶ್ವತವಾಗಿ ಗಡ್ಡೆಕಟ್ಟಿದ ನೀರೇ ಸ್ಫಟಿಕ ಎಂದು ರೋಮಿನ ಪ್ಲಿನಿ ಗಂಭೀರವಾಗಿ ಬರೆದಿದ್ದಾನೆ. ಚೀನೀಯರ ಶುಯ್‌ಜಿಂಗ್‌ನಲ್ಲೂ ನೀರೇ ಇದೆ. ನಮ್ಮ ಸ್ಫಟಿಕಕ್ಕೆ ಬೇರೆ ಗತಿ ಒದಗಿತು. ನುಡಿಯುತ್ತ ನುಡಿಯುತ್ತ ಪಟಿಕವಾಗಿ, ಕ್ಷೌರದಂಗಡಿಯಲ್ಲಿ ಗಾಯಕ್ಕೆ ಉಜ್ಜುವ ಆಲಮ್ಮಿನ ಗಡ್ಡೆಗೆ ಅಂಟಿಕೊಂಡಿತು. ಜಪಮಾಲೆಯ ಮಣಿಗೂ ಕ್ಷೌರಿಕನ ಕಲ್ಲಿಗೂ ಮೂಲಪದ ಒಂದೇ. ಸ್ಫಟಿಕದ ಬಡ ಸೋದರನಾದ ಬಿಳಿಕಲ್ಲಿಗೆ ಕನ್ನಡದಲ್ಲಿ ಬೆಣಚುಕಲ್ಲು ಎಂಬ ಒಳ್ಳೆಯ ಹೆಸರಿದೆ. ಬೆಂಕಿ ಹೊಡೆಯುವಾಗ ಮಾತ್ರ ಅದು ಚಕಮಕಿ ಕಲ್ಲು. ಈ ಚಕಮಕಿ ಅಪ್ಪಟ ಕನ್ನಡದಂತೆ ಕೇಳಿಸಿದರೂ ತುರ್ಕಿಯದು; ಅಲ್ಲಿ ಚಕ್ಮಕ್ ಎಂದರೆ ಕಿಡಿ ಹೊಡೆ. ವಿಧಾನಸಭೆಯಲ್ಲಿ ಮಾತಿನ ಚಕಮಕಿ ನಡೆಯಿತು ಎಂದು ಪತ್ರಿಕೆ ಬರೆದಾಗ ಬಂದೂಕಿನ ಕಾಲದ ಒಂದು ಕಲ್ಲು ಸದ್ದು ಮಾಡಿರುತ್ತದೆ.

ಕಲ್ನಾರನ್ನು ಮರೆಯಬಾರದು. ಕಲ್ಲಿನಿಂದ ಬಿಡಿಸಬಹುದಾದ ನಾರು ಎಂಬ ಈ ಹೆಸರು ಜರ್ಮನರ ಕಲ್ಲಿನ ಅಗಸೆ, ಚೀನೀಯರ ಕಲ್ಲುಹತ್ತಿಗಳಿಗೆ ಸರಿಸಮ. ಗ್ರೀಕಿನಲ್ಲಿ ಆಸ್ಬೆಸ್ಟಾಸ್ ಎಂದರೆ ನಂದಿಸಲಾಗದ್ದು, ಅದು ಸುಟ್ಟ ಸುಣ್ಣದ ಹೆಸರಾಗಿತ್ತು. ನಾರಿಗೆ ಗ್ರೀಕರು ಕೊಟ್ಟಿದ್ದ ಹೆಸರು ಕೊಳೆಯಾಗದ್ದು ಎಂಬರ್ಥದ ಅಮಿಯಾಂತೋಸ್, ಫ್ರೆಂಚರು ಈಗಲೂ ಬಳಸುವುದು ಅದನ್ನೇ. ಲ್ಯಾಟಿನ್ನಿಗೆ ಹೋಗುವಾಗ ಹೆಸರು ಅದಲುಬದಲಾಯಿತು, ಜಗತ್ತು ತಪ್ಪನ್ನೇ ಹಿಡಿದುಕೊಂಡಿತು.

ಈಗ ವ್ಯಾಪಾರಿಗಳ ಸರದಿ. ರತ್ನಗಳ ಹೆಸರು ಎಂದರೆ ಹಡಗು, ಒಂಟೆ, ದಲ್ಲಾಳಿ, ಸುಳ್ಳು. ನವರತ್ನಗಳಲ್ಲಿ ಒಂದಾದ ವೈಡೂರ್ಯದ ಪ್ರಯಾಣವೊಂದನ್ನೇ ಬಿಡಿಸಿ ನೋಡಿದರೆ ಸಾಕು. ವಿದೂರ ಎಂಬ ಸ್ಥಳದಿಂದ ಬಂದದ್ದು ವೈದೂರ್ಯ ಎಂದು ಪಾಣಿನಿ ಸೂತ್ರ ಮಾಡಿದ. ಪತಂಜಲಿ ತಕರಾರು ತೆಗೆದ: ಕಲ್ಲು ಹುಟ್ಟುವುದು ವಾಲವಾಯ ಬೆಟ್ಟದಲ್ಲಿ, ವಿದೂರದಲ್ಲಿ ಅದಕ್ಕೆ ಬರೀ ಸಾಣೆ ಹಿಡಿಯುತ್ತಾರೆ. ಆಮೇಲೆ ತಾನೇ ಸಮಾಧಾನವನ್ನೂ ಹೇಳಿದ: ವರ್ತಕರು ವಾರಾಣಸಿಯನ್ನು ಜಿತ್ವರೀ ಎಂದು ಕರೆಯುವ ಹಾಗೆ ವೈಯಾಕರಣರು ವಾಲವಾಯವನ್ನೇ ವಿದೂರ ಎಂದು ಕರೆಯುತ್ತಾರೆ! ಎರಡು ಸಾವಿರ ವರ್ಷದ ಹಿಂದೆಯೇ ಗಣಿಯ ಊರು ಬೇರೆ, ಪೇಟೆಯ ಊರು ಬೇರೆ ಎಂಬ ಜಗಳ ನಡೆದಿತ್ತು. ಪಾಲಿ, ಪ್ರಾಕೃತಗಳಲ್ಲಿ ಈ ಪದ ವೇಳುರಿಯ. ಮೂಲ ದ್ರಾವಿಡವೇ ಇರಬೇಕು ಎಂಬುದು ಬಹುಮಂದಿ ಭಾಷಾವಿದರ ಒಲವು. ಅಲ್ಲಿಂದ ಪಶ್ಚಿಮಕ್ಕೆ ಹೋದದ್ದು ಗ್ರೀಕಿನ ಬೇರುಲ್ಲೋಸ್, ಇಂಗ್ಲಿಷಿನ ಬೆರಿಲ್, ಕೊನೆಗೆ ಬೆರಿಲಿಯಮ್ ಎಂಬ ಧಾತು. ಭಾರತ ಬಿಟ್ಟು ಬೇರೆ ಕಡೆ ಇದು ಸಿಗುವುದೇ ಅಪರೂಪ ಎಂದು ಪ್ಲಿನಿ ಹೇಳಿದ್ದಾನೆ, ಕೊಯಮತ್ತೂರು ಸೀಮೆಯ ಪಡಿಯೂರಿನಲ್ಲಿ ಬೆರಿಲ್ ಗಣಿಯಿತ್ತು. ಜರ್ಮನರು ಓದುವ ಗಾಜನ್ನು ಆರಂಭದಲ್ಲಿ ಈ ಕಲ್ಲಿನಿಂದ ಕೊರೆದದ್ದರಿಂದ ಕನ್ನಡಕಕ್ಕೆ ಬ್ರಿಲ್ಲೆ ಎಂದರು. ಪೂರ್ವಕ್ಕೆ ಹೋದದ್ದು ಬೌದ್ಧ ಭಿಕ್ಷುಗಳ ಜೊತೆ ಚೀನಾ ಸೇರಿ ಲ್ಯೂಲಿ ಆಯಿತು. ಮೊದಲು ರತ್ನ, ಆಮೇಲೆ ಬಣ್ಣದ ಗಾಜು, ಕಡೆಗೆ ಅರಮನೆಯ ಮಾಡಿನ ಮೆರುಗು ಹೆಂಚು. ಅರಬ್ಬಿಯ ಬಲ್ಲೂರ್ ಸ್ಫಟಿಕವಾಯಿತು. ಊರಲ್ಲೇ ಉಳಿದ ಪದವೂ ಬದಲಾಗದೆ ಇರಲಿಲ್ಲ. ಇವತ್ತು ಆಭರಣದಂಗಡಿಯಲ್ಲಿ ವೈಡೂರ್ಯ ಕೇಳಿದರೆ ಕೊಡುವುದು ಬೆಕ್ಕಿನಕಣ್ಣಿನ ಕಲ್ಲನ್ನು.

ಕೆಲವು ನಿಘಂಟುಗಳು ಈ ಪದಕ್ಕೆ ನಮ್ಮ ಬೇಲೂರನ್ನು ಮೂಲವಾಗಿ ಸೂಚಿಸುತ್ತವೆ. ಕೇಳಲು ಹಿತ. ಆದರೆ ಬೇಲೂರಿನ ಹೆಸರು ಹೇಳುವ ಶಾಸನಗಳು ಪಾಣಿನಿಗಿಂತ ಸಾವಿರ ವರ್ಷಕ್ಕೂ ಈಚಿನವು, ಸುತ್ತಮುತ್ತ ಇರುವುದು ಬಳಪದ ಕಲ್ಲಿನ ಸಂತತಿ. ದಕ್ಷಿಣದಲ್ಲಿ ವೇಲೂರು, ಬೇಲೂರು ಎಂಬ ಊರುಗಳಿಗೆ ಬರವೂ ಇಲ್ಲ. ನಾನು ಇದನ್ನು ಒಪ್ಪಲಾರೆ. ಗಂಧಕವನ್ನು ಕುರಿತ ಇನ್ನೊಂದು ಜನಪ್ರಿಯ ಮಾತನ್ನೂ ಹೀಗೆಯೇ ಪಕ್ಕಕ್ಕಿಡಬೇಕು. ತಾಮ್ರದ ವೈರಿ ಎಂಬ ಅರ್ಥದ ಶುಲ್ಬಾರಿಯಿಂದ ಸಲ್ಫರ್ ಹುಟ್ಟಿತು ಎಂದು ಹಲವು ಪುಸ್ತಕಗಳಲ್ಲಿದೆ. ಲ್ಯಾಟಿನ್ನಿನ ಹಳೆಯ ರೂಪಗಳನ್ನು ನೋಡಿದ ಭಾಷಾವಿದರು ಅದನ್ನು ಮನ್ನಿಸುವುದಿಲ್ಲ. ನಿಜವಾದ ಸಾಲಗಳೇ ಬೇಕಷ್ಟಿರುವಾಗ ಇಂಥವು ನಮಗೆ ಬೇಡ. ಕುರುಂದ ಎಂಬ ದ್ರಾವಿಡ ಪದವೇ ಕೊರಂಡಮ್ ಆಗಿ ವಿಶ್ವದ ಖನಿಜಪಟ್ಟಿಯಲ್ಲಿದೆ. ಓಪಲ್ ನಮ್ಮ ಉಪಲದಿಂದ ಹೋದದ್ದು ಎನ್ನುವುದಕ್ಕೆ ಒಳ್ಳೆಯ ಆಧಾರವಿದೆ. ಕನ್ನಡದ, ತೆಲುಗಿನ ಉಕ್ಕು ಇಂಗ್ಲಿಷರ ಕೈಬರಹದಲ್ಲಿ ತಪ್ಪಿ ವೂಟ್ಸ್ ಆದದ್ದು ಎಲ್ಲರಿಗೂ ಗೊತ್ತು.

ಸಾಲ ಒಂದೇ ದಿಕ್ಕಿನದೂ ಅಲ್ಲ. ಮರಕತ ಶುದ್ಧ ಸಂಸ್ಕೃತದಂತೆ ಕಂಡರೂ ಅದು ಗ್ರೀಕಿನ ಸ್ಮರಗ್ದೋಸ್, ಇಂಗ್ಲಿಷಿನ ಎಮರಾಲ್ಡ್‌ಗಳ ದಾಯಾದಿ. ಮೂರರ ಹಿಂದೆ ಮಿಂಚು, ಹೊಳೆ ಎಂಬ ಅರ್ಥದ ಒಂದು ಸೆಮಿಟಿಕ್ ಧಾತು ಇದೆ. ನಮ್ಮದೇ ಆದ ಪಚ್ಚೆಗೆ ಯಾರ ಹಂಗೂ ಇಲ್ಲ. ಆಫ್ಘಾನಿಸ್ತಾನದ ಬದಖ್‌ಶಾನಿನಿಂದ ಬರುತ್ತಿದ್ದ ನೀಲಿಕಲ್ಲಿಗೆ ಪಾರಸಿಯಲ್ಲಿ ಲಾಜವರ್ದ್ ಎಂದು ಹೆಸರು. ಸಂಸ್ಕೃತ ಪಂಡಿತರು ಅದಕ್ಕೆ ಪಂಚೆ ಉಡಿಸಿ ರಾಜಾವರ್ತ ಮಾಡಿದರು. ಯೂರೋಪಿನವರು ಮೊದಲಕ್ಷರವನ್ನು ತಮ್ಮ ವ್ಯಾಕರಣದ ಉಪಪದವೆಂದು ತಿಳಿದು ಕಿತ್ತುಹಾಕಿದರು, ಉಳಿದದ್ದು ಆಕಾಶದ ಬಣ್ಣವಾದ ಅಜ್ಯೂರ್. ಟರ್ಕ್ವಾಯ್ಸ್ ಎಂದರೆ ತುರ್ಕರ ಕಲ್ಲು, ಅದು ಸಿಗುತ್ತಿದ್ದದ್ದು ಇರಾನಿನ ನಿಶಾಪುರದಲ್ಲಿ. ತುರ್ಕರು ಬರೀ ದಾರಿಯಲ್ಲಿದ್ದವರು. ಇರಾನಿಗಳಿಗೆ ಅದು ವಿಜಯದ ಕಲ್ಲು, ಫಿರೋಜಾ. ಫಿರೋಜ್ ಎಂದು ಮಕ್ಕಳಿಗೆ ಇಡುವ ಹೆಸರಿನ ಬೇರೂ ಇದೇ. ಪ್ರಾಚೀನರ ಸಫೈರ್ ಇಂದಿನ ನೀಲವಲ್ಲ, ಚಿನ್ನದ ಚುಕ್ಕೆಗಳಿದ್ದ ಲಾಜವರ್ದ್. ಟೋಪಜ್ ಎಂಬ ಹೆಸರು ಬಂದ ಕೆಂಪುಸಮುದ್ರದ ದ್ವೀಪದಲ್ಲಿ ಟೋಪಜ್ ಇಲ್ಲವೇ ಇಲ್ಲ, ಅಲ್ಲಿರುವುದು ಪೆರಿಡಾಟ್. ಮಾಣಿಕ್ಯ, ನೀಲ ಎರಡೂ ರಾಸಾಯನಿಕವಾಗಿ ಕುರುಂದವೇ ಎಂದು ಗೊತ್ತಾದ ಮೇಲೂ ನವರತ್ನಗಳು ಎಂಟಾಗಲಿಲ್ಲ ಎನ್ನುವುದನ್ನೂ ಹೇಳಬೇಕು.

ಅಕ್ಕಸಾಲಿಗನ ಬಿಳಿಗಾರ ಇನ್ನೊಂದು ದೂರಪ್ರಯಾಣಿ. ಟಿಬೆಟ್ಟಿನ ಸರೋವರಗಳಿಂದ ಬರುತ್ತಿದ್ದ ಇದಕ್ಕೆ ಸಂಸ್ಕೃತದಲ್ಲಿ ಟಂಕಣ, ಮಲಯ ಭಾಷೆಯ ಮೂಲಕ ಹೋಗಿ ಇಂಗ್ಲಿಷಿನಲ್ಲಿ ಟಿಂಕಲ್. ಬೋರಾಕ್ಸ್ ಎಂಬುದು ಪಾರಸಿಯ ಬೂರಾದಿಂದ. ಕನ್ನಡದವರು ನೋಡಿದ್ದು ಬಿಳಿಯ ಕ್ಷಾರ. ಇಂದಿಗೂ ಬಳೆಯ ಬೆಸುಗೆಯ ಮುಂಚೆ ಅಕ್ಕಸಾಲಿ ಇದನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯುತ್ತಾನೆ, ಸಣ್ಣ ಕುಂಚದಲ್ಲಿ ಬಿರುಕಿಗೆ ಹಚ್ಚುತ್ತಾನೆ. ಊದುಗೊಳವೆಯ ಉರಿ ತಾಗಿದೊಡನೆ ಅದು ಉಬ್ಬಿ ನೊರೆಯಾಗುತ್ತದೆ, ಕುಸಿದು ಗಾಜಿನಂತೆ ತಿಳಿಯಾಗುತ್ತದೆ. ಆ ಹೊತ್ತಿಗೇ ಬೆಸುಗೆಯ ಚೂರು ಕರಗಿ ಸಂದಿನೊಳಗೆ ಓಡಬೇಕು. ಹರಿದಾಳ, ಮಣಿಶಿಲೆ, ಇಂ‌ಗಳೀಕ ಎಂಬ ಪದಗಳೂ ಇಂಥ ಕಸುಬುದಾರರ ಪೆಟ್ಟಿಗೆಯಲ್ಲೇ ಉಳಿದವು. ಮಣಿಶಿಲೆಯಲ್ಲಿ ಮಣಿ ಇಲ್ಲ, ಸಂಸ್ಕೃತದ ಮನಃಶಿಲೆ ಹೀಗೆ ತಿರುಗಿದ್ದು. ಅದರ ಹಳದಿ ಸೋದರ ಹರಿದಾಳಕ್ಕೆ ಪಾರಸಿಯಲ್ಲಿದ್ದ ಚಿನ್ನದ ಬಣ್ಣದ್ದು ಎಂಬ ಹೆಸರನ್ನು ಗ್ರೀಕರು ಕೇಳಿ, ಗಂಡಸು ಎಂಬ ತಮ್ಮ ಪದವೆಂದು ತಿಳಿದು ಆರ್ಸೆನಿಕ್ ಮಾಡಿದರು. ತಿಳಿಯದ ಪದವನ್ನು ತಿಳಿದ ಪದದಂತೆ ತಿದ್ದಿಕೊಳ್ಳುವ ಚಟ ಎಲ್ಲರಿಗೂ ಇದೆ.

ಗಣಿಯೊಳಗೆ ಇಳಿದವನ ಹೆಸರುಗಳು ಬೈಗುಳದ ಜಾತಿಯವು. ಸ್ಯಾಕ್ಸನಿಯ ಬೆಟ್ಟಗಳಲ್ಲಿ ಬೆಳ್ಳಿ ಅಗೆಯುತ್ತಿದ್ದವರಿಗೆ ಒಂದು ಬಗೆಯ ಅದಿರು ಕಾಟ ಕೊಡುತ್ತಿತ್ತು. ಕಾಯಿಸಿದರೆ ಬೆಳ್ಳಿ ಬರದು, ಬರುವುದು ಆರ್ಸೆನಿಕ್ಕಿನ ವಿಷದ ಹೊಗೆ. ಇದು ನೆಲದೊಳಗಿನ ಪಿಶಾಚಿ ಕೋಬೋಲ್ಡಿನ ಕಿತಾಪತಿ ಎಂದರು. ತಾಮ್ರದಂತೆ ಕೆಂಪಗಿದ್ದು ತಾಮ್ರ ಕೊಡದ ಅದಿರಿಗೆ ನಿಕ್ಕೆಲ್ ಎಂಬ ಇನ್ನೊಂದು ದೆವ್ವದ ಹೆಸರು. ರಸಾಯನಶಾಸ್ತ್ರಜ್ಞರಾದ ಬ್ರಾಂಟ್ 1735ರ ಸುಮಾರಿಗೆ, ಕ್ರೋನ್‌ಸ್ಟೆಟ್ 1751ರಲ್ಲಿ ಈ ಅದಿರುಗಳಿಂದ ಹೊಸ ಲೋಹಗಳನ್ನು ಬೇರ್ಪಡಿಸಿದಾಗ ಬೈಗುಳಗಳನ್ನೇ ಇಟ್ಟುಕೊಂಡರು. ಕೋಬಾಲ್ಟ್, ನಿಕ್ಕೆಲ್ ಎರಡೂ ಇಂದು ನಿಮ್ಮ ಮೊಬೈಲಿನ ಬ್ಯಾಟರಿಯಲ್ಲಿ ಇರಬಹುದು. ತವರವನ್ನು ಕರಗಿಸುವಾಗ ಅದನ್ನು ನುಂಗಿಹಾಕುತ್ತಿದ್ದ ಅದಿರು ತೋಳ, ಅದರಿಂದ ವುಲ್ಫ್ರಮ್. ಅದೇ ಧಾತುವಿನ ಇನ್ನೊಂದು ಹೆಸರಾದ ಟಂಗ್‌ಸ್ಟನ್ ಸ್ವೀಡನ್ನಿನದು, ಭಾರದ ಕಲ್ಲು ಎಂದರ್ಥ. ಸೀಸದ ಅದಿರಿನಂತೆ ಕಂಡು ಸೀಸ ಕೊಡದ ಕಲ್ಲನ್ನು ವಂಚಕ ಎಂಬ ಅರ್ಥದಲ್ಲಿ ಬ್ಲೆಂಡ್ ಎಂದರು; ವಿದ್ವಾಂಸರು ಆಮೇಲೆ ಅದೇ ಅರ್ಥವನ್ನು ಗ್ರೀಕಿಗೆ ಹಾಕಿ ಸ್ಫಾಲರೈಟ್ ಮಾಡಿದರು. ಬೇರೆ ಬೇರೆ ಖನಿಜಗಳ ವೇಷ ಹಾಕುತ್ತಿದ್ದ ಇನ್ನೊಂದಕ್ಕೆ ವೆರ್ನರ್ 1786ರಲ್ಲಿ ವಂಚನೆ ಎಂಬರ್ಥದ ಅಪಟೈಟ್ ಎಂಬ ಹೆಸರಿಟ್ಟ. ನಮ್ಮ ಹಲ್ಲಿನ ಎನಾಮಲ್ ಆ ಕುಲದ್ದು. ರಾಜಸ್ತಾನದ ಜಾವರ್‌ನಲ್ಲಿ ಅದೇ ವಂಚಕ ಸ್ಫಾಲರೈಟಿನಿಂದ ಮಧ್ಯಯುಗದಲ್ಲೇ ಮಣ್ಣಿನ ಮೂಸೆಗಳಲ್ಲಿ ಸತುವನ್ನು ಬಟ್ಟಿ ಇಳಿಸುತ್ತಿದ್ದರು.

ಪ್ರೊಫೆಸರರು ಬಂದ ಮೇಲೆ ಹೆಸರಿನ ಬಾಲದಲ್ಲಿ ಐಟ್ ಬಂತು, ಗ್ರೀಕಿನ ಹಳೆಯ ಪ್ರತ್ಯಯ. 18ನೆಯ ಶತಮಾನದ ಕೊನೆಯಲ್ಲಿ ವೆರ್ನರ್ ಒಂದು ಖನಿಜಕ್ಕೆ ಡಚ್ ಸೇನಾಧಿಕಾರಿ ಪ್ರೇನ್ ಹೆಸರಿನಲ್ಲಿ ಪ್ರೇನೈಟ್ ಎಂದ. ಅಲ್ಲಿಂದ ಸನ್ಮಾನಗಳ ಸುರಿಮಳೆ. ಇಂದು ಒಪ್ಪಿತವಾದ ಸುಮಾರು 6,000 ಖನಿಜಗಳಲ್ಲಿ ವ್ಯಕ್ತಿಗಳ, ಊರುಗಳ ಹೆಸರಿನವೇ ಬಹಳ. 1958ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಖನಿಜಶಾಸ್ತ್ರ ಸಂಘದ ಸಮಿತಿ ಒಪ್ಪದೆ ಈಗ ಹೊಸ ಹೆಸರು ನಡೆಯದು, ಕಂಡುಹಿಡಿದವನು ತನ್ನ ಹೆಸರನ್ನೇ ಇಟ್ಟುಕೊಳ್ಳುವಂತೆಯೂ ಇಲ್ಲ. ವ್ಯವಸ್ಥೆ ಚೊಕ್ಕಟ, ಹೆಸರು ಮಾತ್ರ ಕಲ್ಲಿನ ಬಗ್ಗೆ ಏನನ್ನೂ ಹೇಳದು. ಈ ವಿಷಯದಲ್ಲಿ ಚೀನೀಯರ ಕ್ರಮ ನನಗೆ ಮೆಚ್ಚು. ಲೋಹದ ಹೊಳಪಿನ ಖನಿಜದ ಹೆಸರಿನ ಕೊನೆಗೆ ಅದಿರು ಎಂಬ ಅಕ್ಷರ, ಉಳಿದವಕ್ಕೆ ಕಲ್ಲು ಎಂಬ ಅಕ್ಷರ. ಅವರ ಹೆಮಟೈಟ್ ಕೆಂಪು ಕಬ್ಬಿಣದ ಅದಿರು. ಶಾಲೆಯ ಮಗುವಿಗೂ ಅರ್ಥವಾಗುತ್ತದೆ.

ಈ ಪಟ್ಟಿಯಲ್ಲಿ ಕರ್ನಾಟಕಕ್ಕೂ ಜಾಗವಿದೆ. ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸ್ಮೀತ್ ಬಾಬಾಬುಡನ್ ಬೆಟ್ಟದ ಒಂದು ನೀಲಿಛಾಯೆಯ ಖನಿಜಕ್ಕೆ ಬಾಬಾಬುಡನೈಟ್ ಎಂದ. ಅದು ಬೇರೆ ಹೆಸರಿನಲ್ಲಿ ಮೊದಲೇ ಗೊತ್ತಿದ್ದದ್ದರ ಬಗೆ ಎಂದು ಆಮೇಲೆ ತಿಳಿದು ಪಟ್ಟಿಯಿಂದ ಜಾರಿತು. ಕೋಲಾರದ ಗಣಿಯಿಂದ 1985ರಲ್ಲಿ ವರದಿಯಾದ ಎರಡು ಖನಿಜಗಳು ಉಳಿದಿವೆ, ಕೋಲಾರೈಟ್ ಮತ್ತು ರಾಧಾಕೃಷ್ಣೈಟ್. ಎರಡನೆಯದು ಬಿ. ಪಿ. ರಾಧಾಕೃಷ್ಣ ಅವರ ಹೆಸರಿನಲ್ಲಿ. ಭಾರತೀಯ ಭೂವೈಜ್ಞಾನಿಕ ಸಂಘವನ್ನು ದಶಕಗಳ ಕಾಲ ನಡೆಸಿದವರು, ಕನ್ನಡದಲ್ಲೂ ಬರೆದವರು. ಬಿಳಿಗಿರಿರಂಗನ ಬೆಟ್ಟದ ಕಪ್ಪು ಶಿಲೆಗೆ ಚಾರ್ನೊಕೈಟ್ ಎಂಬ ಹೆಸರು ಬಂದದ್ದು ಕೋಲ್ಕತ್ತದ ಒಂದು ಸಮಾಧಿಯಿಂದ. ಈಸ್ಟ್ ಇಂಡಿಯಾ ಕಂಪನಿಯ ಜಾಬ್ ಚಾರ್ನಾಕನ ಗೋರಿಕಲ್ಲನ್ನು ಹಾಲೆಂಡ್ ಎಂಬ ಭೂವಿಜ್ಞಾನಿ 1893ರಲ್ಲಿ ಪರೀಕ್ಷಿಸಿದ್ದೇ ಇದಕ್ಕೆ ಕಾರಣ.

ಖನಿಜವಲ್ಲದಿದ್ದರೂ ಹೇಳಲೇಬೇಕಾದ ಇನ್ನೊಂದು ಶಿಲೆ ಲ್ಯಾಟರೈಟ್. ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರುಗಳಲ್ಲಿ ತಿರುಗಿ 1807ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಹೆಸರು ಮೊದಲು ಬಂತು. ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಬಿಟ್ಟಾಗ ಗಟ್ಟಿಯಾಗುವ ಈ ಕಲ್ಲನ್ನು ಇಲ್ಲಿನ ಹಲವು ಭಾಷೆಗಳಲ್ಲಿ ಇಟ್ಟಿಗೆಕಲ್ಲು ಎನ್ನುತ್ತಾರೆ ಎಂದು ಅವನೇ ಬರೆದ, ಅದನ್ನೇ ಲ್ಯಾಟಿನ್ನಿಗೆ ತಿರುಗಿಸಿದ: ಲೇಟರ್ ಎಂದರೆ ಇಟ್ಟಿಗೆ. ನಮ್ಮ ಜಂಬಿಟ್ಟಿಗೆಯಲ್ಲಿ ಇಂದಿಗೂ ಆ ಇಟ್ಟಿಗೆ ಇದೆ, ಕರಾವಳಿಯಲ್ಲಿ ಅದು ಮುರಕಲ್ಲು. ಈಗ ಜಗತ್ತಿನ ಎಲ್ಲ ಭೂಗೋಳ ಪುಸ್ತಕಗಳಲ್ಲಿರುವ ಪದ ಇಲ್ಲಿನ ಕಲ್ಲು ಕೀಳುವವನ ಮಾತಿನ ಅನುವಾದ. ಅದೇ ಮುರಕಲ್ಲಿನ ಹಳದಿ ಭಾಗದಲ್ಲಿರುವ ಖನಿಜ ಗೋಯ್ಥೈಟ್, 1806ರಲ್ಲಿ ಕವಿ ಗಯಟೆಯ ಹೆಸರಿನಲ್ಲಿ ಇಟ್ಟದ್ದು. ಅವನು ಗಣಿಗಳ ಮೇಲ್ವಿಚಾರಣೆಯನ್ನೂ ಮಾಡಿದ್ದವನು. ಉಡುಪಿಯ ಯಾವ ಹಳೆಯ ಕಾಂಪೌಂಡು ಗೋಡೆಯಲ್ಲೂ ಆತನಿದ್ದಾನೆ.

ಇಷ್ಟೆಲ್ಲ ಇದ್ದೂ ನಮ್ಮ ಪಠ್ಯಪುಸ್ತಕಗಳು ಕ್ವಾರ್ಟ್ಜ್, ಮೈಕಾ, ಟಾಲ್ಕ್ ಎಂದು ಬರೆದು ಸುಮ್ಮನಾಗುತ್ತವೆ. ಆ ಪದಗಳು ಬೇಡ ಎನ್ನುವವನಲ್ಲ ನಾನು. ಪರೀಕ್ಷೆಗೂ ಮುಂದಿನ ಓದಿಗೂ ಅವು ಬೇಕು. ಪಕ್ಕದಲ್ಲಿ ಬೆಣಚುಕಲ್ಲು, ಕಾಗೆಬಂಗಾರ, ಬಳಪದ ಕಲ್ಲು ಎಂದು ಸೇರಿಸಲು ಒಂದು ಸಾಲು ಸಾಕು. ಓದುಗರಿಂದಲೂ ಒಂದು ಕೆಲಸ ಆಗಬೇಕಿದೆ. ಹಳೆಯ ನಿಘಂಟುಗಳಲ್ಲಿ ಒಂದು ಬಗೆಯ ಕಲ್ಲು ಎಂದಷ್ಟೇ ಅರ್ಥ ಪಡೆದು ಕೂತ ಪದಗಳಿವೆ, ಅವು ಯಾವ ಕಲ್ಲು ಎಂದು ಹೇಳಬಲ್ಲವರು ಅಕ್ಕಸಾಲಿಗರು, ಕಲ್ಲುಕುಟಿಗರು, ನಾಟಿವೈದ್ಯರು, ಬಾವಿ ತೋಡುವವರು. ನಿಮ್ಮೂರಿನಲ್ಲಿ ಅಂಥ ಹಿರಿಯರಿದ್ದರೆ ಹೆಸರು ಕೇಳಿ ಬರೆದುಕೊಳ್ಳಿ. ಕಲ್ಲಿನ ಚೂರೊಂದನ್ನೂ ಕೇಳಿ ತನ್ನಿ, ಹತ್ತಿರದ ಕಾಲೇಜಿನ ಭೂವಿಜ್ಞಾನದ ಮೇಷ್ಟರಿಗೆ ತೋರಿಸಿ, ಎರಡನ್ನೂ ಒಂದೇ ಹಾಳೆಯಲ್ಲಿ ದಾಖಲಿಸಿ. ಚೂರಿಲ್ಲದೆ ಬರೀ ಹೆಸರನ್ನು ಬರೆದಿಟ್ಟರೆ ಅದು ಟೋಪಜ್ ದ್ವೀಪದ ಕಥೆಯಾಗುತ್ತದೆ.